ಯುದ್ಧಕ್ಕೆ ಹೋದ ಅಜ್ಜ ಹತ್ತಿದ್ದು ಯಾವ ಹಡಗು? ಟ್ರೂಪ್‌ಶಿಪ್ ಪಯಣ ಪತ್ತೆ ಮಾಡುವ ಬಗೆ

ಮಹಾಯುದ್ಧದ ಕಾಲದಲ್ಲಿ ಸಮುದ್ರ ದಾಟಿದ ಸೈನಿಕನ ಜಾಡು ಹಿಡಿಯಲು ಹೊರಟವರು ಮೊದಲು ಪ್ರಯಾಣಿಕರ ಪಟ್ಟಿ ತೆರೆದು ಹೆಸರು ಹುಡುಕುತ್ತಾರೆ. ಸಿಗುವುದಿಲ್ಲ. ಬ್ರಿಟನ್ನಿನ ನ್ಯಾಷನಲ್ ಆರ್ಕೈವ್ಸ್‌ನಲ್ಲಿರುವ ಹೊರಹೋಗುವ ಪ್ರಯಾಣಿಕರ ಪಟ್ಟಿ (ಆರ್ಕೈವ್ಸ್‌ನ ಕಡತ ಸರಣಿ ಬಿಟಿ 27, 1890ರಿಂದ 1960) ಟಿಕೆಟ್ ಕೊಂಡು ಹೋದ ನಾಗರಿಕರದ್ದು. ಸೈನಿಕರನ್ನು ಸಾಗಿಸಿದ ಹಡಗು (ಟ್ರೂಪ್‌ಶಿಪ್) ಹತ್ತಿದವರ ಹೆಸರುಪಟ್ಟಿಗಳಲ್ಲಿ ಉಳಿದಿರುವುದು ಬೆರಳೆಣಿಕೆಯಷ್ಟು. ಅಮೆರಿಕದಲ್ಲಿ ಎರಡನೇ ಮಹಾಯುದ್ಧದ ಸೇನಾ ಸಾರಿಗೆ ಹಡಗುಗಳ ಪ್ರಯಾಣಿಕರ ಪಟ್ಟಿ, ಲಾಗ್ ಪುಸ್ತಕ, ಪಡೆ ಸಾಗಣೆಯ ಕಡತ ಎಲ್ಲವನ್ನೂ 1951ರಲ್ಲಿ ಸೇನಾ ಇಲಾಖೆಯೇ ನಾಶ ಮಾಡಿತು.

ಹಾಗಾಗಿ ಹೆಸರನ್ನು ಬಿಡಿ, ತಾರೀಖನ್ನು ಹಿಡಿಯಿರಿ. ಯಾವ ದಿನ ಹತ್ತಿದರು, ಯಾವ ಬಂದರು, ಆ ದಿನ ಅವರು ಯಾವ ತುಕಡಿಯಲ್ಲಿದ್ದರು, ಯಾವ ದಿನ ಎಲ್ಲಿ ಇಳಿದರು: ಈ ನಾಲ್ಕು ಸಿಕ್ಕರೆ ಹಡಗಿನ ಹೆಸರು ತಾನಾಗಿ ಹೊರಬೀಳುತ್ತದೆ. ಮೂರು ಸಿಕ್ಕರೂ ಬಹಳ ಸಲ ಸಾಕಾಗುತ್ತದೆ.

ಹೆಸರಿನಿಂದಲೇ ಸಿಗುವ ಕೆಲವರು

ಶ್ರಮ ಹಾಕುವ ಮೊದಲು ನಿಮ್ಮ ಬಂಧು ಈ ಗುಂಪಿಗೆ ಸೇರಿದವರೇ ನೋಡಿಕೊಳ್ಳಿ. ಮೊದಲ ಮಹಾಯುದ್ಧದಲ್ಲಿ ಆಸ್ಟ್ರೇಲಿಯಾದಿಂದ ಹೊರಟವರ ಎಂಬಾರ್ಕೇಶನ್ ರೋಲ್ (ಹಡಗು ಹತ್ತಿದವರ ಪಟ್ಟಿ) ಕ್ಯಾನ್ಬೆರಾದ ಆಸ್ಟ್ರೇಲಿಯನ್ ವಾರ್ ಮೆಮೋರಿಯಲ್ ಜಾಲತಾಣದಲ್ಲಿ ಪೂರ್ತಿ ಇದೆ. ಹೆಸರು ಹಾಕಿದರೆ ಹಡಗು, ಬಂದರು, ತಾರೀಖು ಒಟ್ಟಿಗೇ ಬರುತ್ತವೆ. ಅಲ್ಲಿ ಹಡಗಿನ ಹೆಸರಿನ ಹಿಂದೆ ಎಚ್.ಎಂ.ಎ.ಟಿ. (ಹಿಸ್ ಮೆಜೆಸ್ಟಿಸ್ ಆಸ್ಟ್ರೇಲಿಯನ್ ಟ್ರಾನ್ಸ್‌ಪೋರ್ಟ್) ಎಂದೂ 'ಎ11 ಅಸ್ಕೇನಿಯಸ್' ಎಂಬಂಥ ಸಂಖ್ಯೆಯೂ ಇರುತ್ತದೆ. ಅದು ಸಾಗಣೆಗೆ ಹಿಡಿದ ಹಡಗುಗಳಿಗೆ ಕೊಟ್ಟ ಕ್ರಮಸಂಖ್ಯೆ. ನ್ಯೂಜಿಲೆಂಡಿನವರಿಗೆ ಆಕ್ಲೆಂಡ್ ಮ್ಯೂಸಿಯಮ್ಮಿನ ಆನ್‌ಲೈನ್ ಸೆನೊಟಾಫ್ ಎಂಬ ಸೈನಿಕರ ದಾಖಲೆ ತಾಣ ಇದೆ. ಕೆನಡಾದಲ್ಲಿ ಅದೇ ಯುದ್ಧದ ತುಕಡಿಗಳ ಸೇಲಿಂಗ್ ಲಿಸ್ಟ್ (ಹಡಗಿನಲ್ಲಿ ಹೊರಟವರ ಪಟ್ಟಿ) ಮುದ್ರಣವಾಗಿತ್ತು, ಸೈನಿಕರ ಕಡತಗಳನ್ನೂ ಲೈಬ್ರರಿ ಆ್ಯಂಡ್ ಆರ್ಕೈವ್ಸ್ ಕೆನಡಾ ಸ್ಕ್ಯಾನ್ ಮಾಡಿ ಹಾಕಿದೆ. ಅಮೆರಿಕದ ಸೇನಾ ಸಾರಿಗೆ ಹಡಗುಗಳ ಪಟ್ಟಿಗಳೂ 1910ರಿಂದ 1939ರವರೆಗಿನವು ಉಳಿದಿವೆ. ಇಂಥವರಿಗೆ ಒಂದು ಸಂಜೆಯ ಕೆಲಸ. ಬ್ರಿಟಿಷ್ ಮತ್ತು ಭಾರತೀಯ ಸೈನಿಕರಿಗೆ, ಎರಡನೇ ಯುದ್ಧದ ಬಹುತೇಕ ಎಲ್ಲರಿಗೂ, ಸುತ್ತುದಾರಿಯೇ ಗತಿ.

ಮೊದಲ ಹೆಜ್ಜೆ: ಸೇವಾ ದಾಖಲೆ

ಯಾವುದೇ ಕಾನ್ವಾಯ್ (ಕಾವಲಿನಲ್ಲಿ ಒಟ್ಟಾಗಿ ಸಾಗುವ ಹಡಗುಗಳ ಗುಂಪು) ಪಟ್ಟಿ ತೆರೆಯುವ ಮೊದಲು ಸೇವಾ ದಾಖಲೆ ಕೈಗೆ ಬರಬೇಕು. ಬ್ರಿಟಿಷ್ ರಕ್ಷಣಾ ಸಚಿವಾಲಯ ತನ್ನಲ್ಲಿದ್ದ ಹಳೆಯ ಸೇವಾ ಕಡತಗಳನ್ನು 2022ರಿಂದ ನ್ಯಾಷನಲ್ ಆರ್ಕೈವ್ಸ್‌ಗೆ ಕಂತುಕಂತಾಗಿ ಸಾಗಿಸುತ್ತಿದೆ. ಆದ್ದರಿಂದ ಮೊದಲು ಆರ್ಕೈವ್ಸ್ ಸೂಚಿಯಲ್ಲಿ ಹುಡುಕಿ, ಇಲ್ಲದಿದ್ದರೆ ಸಚಿವಾಲಯಕ್ಕೆ ಅರ್ಜಿ ಹಾಕಿ. ಮೊದಲ ಯುದ್ಧದ ಬ್ರಿಟಿಷ್ ಸೈನಿಕರಾದರೆ ಒಂದು ಆಘಾತಕ್ಕೆ ಸಿದ್ಧರಾಗಿರಿ. 1940ರ ಸೆಪ್ಟೆಂಬರ್ ಬಾಂಬ್ ದಾಳಿಯಲ್ಲಿ ಸುಮಾರು ಶೇ. 60 ಕಡತ ಸುಟ್ಟುಹೋದವು. ಉಳಿದದ್ದು ಡಬ್ಲ್ಯುಒ 363ರಲ್ಲಿದೆ, ಪಿಂಚಣಿ ಸಂಬಂಧದ್ದು ಡಬ್ಲ್ಯುಒ 364ರಲ್ಲಿ. ಎರಡರಲ್ಲೂ ಇಲ್ಲವೆಂದರೆ ಮೆಡಲ್ ಇಂಡೆಕ್ಸ್ ಕಾರ್ಡ್ (ಡಬ್ಲ್ಯುಒ 372) ನೋಡಿ. ಮೊದಲು ಕಾಲಿಟ್ಟ ರಣರಂಗ ಯಾವುದು, ಯಾವ ತಾರೀಖು ಎಂಬುದು ಎಷ್ಟೋ ಕಾರ್ಡುಗಳಲ್ಲಿ ಇರುತ್ತದೆ. ಆ ಒಂದು ತಾರೀಖಿನಿಂದಲೇ ಪೂರ್ತಿ ಪಯಣ ಕಟ್ಟಬಹುದು. ಅಮೆರಿಕದ ಸೇನೆಯದ್ದೂ ಇಂಥದೇ ಕತೆ. 1973ರ ಜುಲೈ 12ರಂದು ಸೇಂಟ್ ಲೂಯಿಸ್‌ನಲ್ಲಿ ಬೆಂಕಿ ಬಿದ್ದು, 1912ರಿಂದ 1960ರೊಳಗೆ ಬಿಡುಗಡೆಯಾದ ಭೂಸೇನೆಯವರ ಸುಮಾರು ಶೇ. 80 ಕಡತ ಬೂದಿಯಾಯಿತು.

ಭಾರತೀಯ ಸೇನೆಯ ಜವಾನರ ಕಾಗದಪತ್ರ ಆಯಾ ರೆಜಿಮೆಂಟಿನ ದಾಖಲೆ ಕಚೇರಿಯ ವಿಷಯ. ಅಲ್ಲಿಗೆ ಬರೆಯುವಾಗ ಹೆಸರೊಂದೇ ಕೊಟ್ಟರೆ ಉತ್ತರ ಬರುವುದಿಲ್ಲ. ಸೇವಾ ಸಂಖ್ಯೆ, ತಂದೆಯ ಹೆಸರು, ಊರು ಮತ್ತು ತಾಲ್ಲೂಕು, ತುಕಡಿ, ಬಿಡುಗಡೆಯಾದ ವರ್ಷ ಇಷ್ಟನ್ನೂ ಬರೆಯಿರಿ. ಇವೆಲ್ಲ ಒಂದೇ ಕಡೆ ಇರುವುದು ಹಳೆಯ ಡಿಸ್ಚಾರ್ಜ್ ಸರ್ಟಿಫಿಕೇಟಿನಲ್ಲಿ. ಅದು ಮನೆಯ ಟ್ರಂಕಿನಲ್ಲಿ ಇಲ್ಲದಿದ್ದರೆ ಪದಕಗಳ ಅಂಚು ನೋಡಿ. ಮೊದಲ ಯುದ್ಧದ ಪದಕಗಳ ಅಂಚಿನಲ್ಲಿ ಸಂಖ್ಯೆ, ಹೆಸರು, ತುಕಡಿ ಕೊರೆದಿರುತ್ತಾರೆ. ಹೆಸರಿನ ಇಂಗ್ಲಿಷ್ ಸ್ಪೆಲ್ಲಿಂಗ್ ಗುಮಾಸ್ತನ ಕಿವಿಗೆ ಕೇಳಿಸಿದಂತೆ ಇರುತ್ತದೆ, ನಿಮ್ಮ ಮನೆಯವರು ಬರೆಯುವಂತಲ್ಲ. ಮುನಿಸ್ವಾಮಿ ಎಂಬ ಹೆಸರನ್ನು ನಾಲ್ಕೈದು ರೂಪಗಳಲ್ಲಿ ಬರೆಯಬಹುದು, ಎಲ್ಲವನ್ನೂ ಹಾಕಿ ನೋಡಬೇಕು.

ದಾಖಲೆ ಓದುವುದು

ಕಡತ ಬಂತು ಅಂದುಕೊಳ್ಳಿ. ಅದರಲ್ಲಿ ನಿಮಗೆ ಬೇಕಾದ ಹಾಳೆ ಆರ್ಮಿ ಫಾರಂ ಬಿ103. ಮೇಲೆ 'ಕ್ಯಾಶುಯಾಲ್ಟಿ ಫಾರಂ' ಎಂದಿರುವುದನ್ನು ನೋಡಿ ಹೆದರಬೇಡಿ. ಇಲ್ಲಿ ಆ ಮಾತಿಗೆ ಗಾಯ, ಸಾವು ಎಂದೇ ಅರ್ಥವಲ್ಲ, ಸ್ಥಾನ ಬದಲಾದ ಪ್ರತಿ ಸಂಗತಿಯೂ ಅದರಲ್ಲಿ ಸೇರುತ್ತದೆ. ಸಾಲುಗಳು ಇಷ್ಟಿಷ್ಟೇ ಇರುತ್ತವೆ: ತಾರೀಖು, ಎರಡು ಮೂರು ಅಕ್ಷರ, ಒಂದು ಸ್ಥಳ. 'ಟಿ.ಒ.ಎಸ್.' ಎಂದರೆ ತುಕಡಿಯ ಲೆಕ್ಕಕ್ಕೆ ಸೇರಿಸಿಕೊಂಡರು, 'ಎಸ್.ಒ.ಎಸ್.' ಎಂದರೆ ಲೆಕ್ಕದಿಂದ ತೆಗೆದರು. 'ಎಂಬ್' ಹಡಗು ಹತ್ತಿದ್ದು, 'ಡಿಸೆಂಬ್' ಇಳಿದದ್ದು. ಕೈಬರಹ ಕೆಟ್ಟದಾಗಿದ್ದರೆ ಈ ಕೊನೆಯದನ್ನು ಡಿಸೆಂಬರ್ ತಿಂಗಳೆಂದು ಓದಿ ದಾರಿ ತಪ್ಪಿದವರು ಇದ್ದಾರೆ.

ರಣರಂಗದ ಸಂಕೇತಗಳು ಹೆಚ್ಚು ಉಪಯೋಗಕ್ಕೆ ಬರುತ್ತವೆ. ಎಂ.ಇ.ಎಫ್. ಎಂದರೆ ಮಧ್ಯಪ್ರಾಚ್ಯ, ಇಳಿದದ್ದು ಸಾಮಾನ್ಯವಾಗಿ ಸೂಯೆಜ್ ಪಕ್ಕದ ಪೋರ್ಟ್ ತೌಫಿಕ್. ಬಿ.ಎನ್.ಎ.ಎಫ್. ಉತ್ತರ ಆಫ್ರಿಕಾ, ಸಿ.ಎಂ.ಎಫ್. ಇಟಲಿಯ ಕಡೆ, ಪೈಫೋರ್ಸ್ ಇರಾಕ್ ಮತ್ತು ಇರಾನ್, ಎಸ್.ಇ.ಎ.ಸಿ. ಬರ್ಮಾ ಕಡೆಯದು. ಮೊದಲ ಯುದ್ಧದ ಭಾರತೀಯ ಪಡೆಗಳಿಗೆ ಐ.ಇ.ಎಫ್. (ಇಂಡಿಯನ್ ಎಕ್ಸ್‌ಪೆಡಿಷನರಿ ಫೋರ್ಸ್) ಪಕ್ಕದ ಅಕ್ಷರವೇ ಭೂಪಟ: ಎ ಫ್ರಾನ್ಸ್, ಬಿ ಮತ್ತು ಸಿ ಪೂರ್ವ ಆಫ್ರಿಕಾ, ಡಿ ಮೆಸೊಪೊಟೇಮಿಯಾ, ಇ ಮತ್ತು ಎಫ್ ಈಜಿಪ್ಟ್, ಜಿ ಗಲಿಪೊಲಿ. 'ಪೈಥಾನ್' ಎಂಬ ಪದ ಕಂಡರೆ ಅದು ಹಡಗಿನ ಹೆಸರಲ್ಲ. ವಿದೇಶದಲ್ಲಿ ನಿಗದಿತ ವರ್ಷ ದುಡಿದವರನ್ನು ಮನೆಗೆ ಕಳಿಸುವ ಯೋಜನೆ ಅದು. 'ಲಿಯಾಪ್' ಅದರ ಜೊತೆಗಿನ ಹೆಚ್ಚುವರಿ ರಜೆ. ಇನ್ನು ಅರ್ಥವೇ ಆಗದ ಐದಾರು ಇಂಗ್ಲಿಷ್ ಅಕ್ಷರಗಳ ಗೊಂಚಲು ಒಂದಿರುತ್ತದೆ. ಅದು ಡ್ರಾಫ್ಟ್ ಸಂಕೇತ, ಅಂದರೆ ಒಟ್ಟಿಗೆ ಸಾಗಿಸಿದ ಗುಂಪಿನ ಗುರುತು. ಅದನ್ನು ಅಕ್ಷರ ತಪ್ಪದಂತೆ ಬರೆದಿಟ್ಟುಕೊಳ್ಳಿ. ಅದೇ ಗೊಂಚಲು ಇನ್ನೊಬ್ಬ ಸೈನಿಕನ ದಾಖಲೆಯಲ್ಲಿ ಕಂಡರೆ ಇಬ್ಬರೂ ಒಂದೇ ಗುಂಪಿನಲ್ಲಿ ಹೊರಟವರು. ಅವನ ಕುಟುಂಬದ ಬಳಿ ಹಡಗಿನ ಹೆಸರು ಇರಬಹುದು.

ತಾರೀಖು ಬರೆಯುವ ಕ್ರಮ ಗಮನಿಸಿ. ಬ್ರಿಟಿಷ್ ದಾಖಲೆಯ 4/3/43 ಮಾರ್ಚ್ 4, ಅಮೆರಿಕನ್ ದಾಖಲೆಯಲ್ಲಿ ಅದೇ ಏಪ್ರಿಲ್ 3. ಹಾಗೆಯೇ ಕೆಲವು ದಾಖಲೆಗಳಲ್ಲಿ ಎರಡು ತಾರೀಖು ಇರುತ್ತವೆ, ಘಟನೆ ನಡೆದದ್ದು ಒಂದು, ಅದನ್ನು ಆದೇಶದಲ್ಲಿ ಪ್ರಕಟಿಸಿದ್ದು ಇನ್ನೊಂದು. ಎರಡನೆಯದನ್ನು ಹಿಡಿದರೆ ವಾರಗಟ್ಟಲೆ ತಪ್ಪುತ್ತೀರಿ.

ದಿನಗಳ ಲೆಕ್ಕ

ಹತ್ತಿದ ದಿನದಿಂದ ಇಳಿದ ದಿನದವರೆಗೆ ಎಣಿಸಿ. ಈ ಒಂದು ಸಂಖ್ಯೆ ಮಾರ್ಗವನ್ನು ಹೇಳುತ್ತದೆ. ಇಟಲಿ ಯುದ್ಧಕ್ಕಿಳಿದ 1940ರ ಜೂನ್‌ನಿಂದ 1943ರ ಬೇಸಿಗೆಯವರೆಗೆ ಮೆಡಿಟರೇನಿಯನ್ ಸಮುದ್ರ ಪಡೆಸಾಗಣೆಗೆ ಹೆಚ್ಚುಕಡಿಮೆ ಮುಚ್ಚಿತ್ತು. ಬ್ರಿಟನ್ನಿನಿಂದ ಸೂಯೆಜ್‌ಗೆ ಹೋಗಬೇಕಾದರೂ ಆಫ್ರಿಕಾ ಖಂಡವನ್ನೇ ಬಳಸಬೇಕಿತ್ತು, ಎರಡು ತಿಂಗಳು ಹಿಡಿಯುತ್ತಿತ್ತು. ಆ ಅವಧಿಯಲ್ಲಿ 55 ಅಥವಾ 65 ದಿನ ಬಂದರೆ ಗುಡ್‌ಹೋಪ್ ಭೂಶಿರ ಸುತ್ತಿದ ಪಯಣ. 1944ರಲ್ಲಿ ಬ್ರಿಟನ್‌ನಿಂದ ಮುಂಬೈಗೆ ಒಂದು ತಿಂಗಳ ಆಸುಪಾಸು ಬಂದರೆ ಸೂಯೆಜ್ ಕಾಲುವೆಯ ಮೂಲಕ.

ಚಿಕ್ಕ ಪಯಣಕ್ಕೂ ಇದೇ ಪರೀಕ್ಷೆ. 12 ನಾಟ್ (ಗಂಟೆಗೆ 12 ನಾಟಿಕಲ್ ಮೈಲಿ) ವೇಗದ ಹಡಗು ದಿನಕ್ಕೆ 288 ನಾಟಿಕಲ್ ಮೈಲಿ ಹೋಗುತ್ತದೆ. ಮುಂಬೈನಿಂದ ಸೂಯೆಜ್‌ಗೆ ಸುಮಾರು 3,000 ನಾಟಿಕಲ್ ಮೈಲಿ, ಅಂದರೆ ಹತ್ತು ಹನ್ನೊಂದು ದಿನ. ಜಲಾಂತರ್ಗಾಮಿಗಳನ್ನು ತಪ್ಪಿಸಲು ಹಡಗುಗಳು ಅಂಕುಡೊಂಕಾಗಿ ಸಾಗುತ್ತಿದ್ದುದರಿಂದ ಒಂದೆರಡು ದಿನ ಕೂಡಿಸಿಕೊಳ್ಳಿ. ದಾಖಲೆಯಲ್ಲಿ ಆರೇ ದಿನ ಇದ್ದರೆ ಎಲ್ಲೋ ತಪ್ಪಿದೆ. ಮೂವತ್ತು ದಿನ ಇದ್ದರೆ ಮಧ್ಯೆ ಎಲ್ಲೋ ಇಳಿದು ಕಾದಿದ್ದಾರೆ.

ಹೀಗೆ ಕಾದದ್ದು ಬಹಳ ಸಾಮಾನ್ಯ, ದಾಖಲೆಯಲ್ಲಿ ಮಾತ್ರ ಕಾಣುವುದಿಲ್ಲ. ದಕ್ಷಿಣ ಆಫ್ರಿಕಾದ ಡರ್ಬನ್‌ನಲ್ಲಿ ಇಳಿಸಿ ಕ್ಲೇರ್‌ವುಡ್ ಟ್ರಾನ್ಸಿಟ್ ಕ್ಯಾಂಪಿನಲ್ಲಿ ವಾರಗಟ್ಟಲೆ ಇರಿಸಿ ಬೇರೆ ಹಡಗಿಗೆ ಹತ್ತಿಸಿದ್ದುಂಟು. ಮುಂಬೈಗೆ ಬಂದವರನ್ನು ದೇವಳಾಲಿ ಕ್ಯಾಂಪಿಗೆ ಕಳಿಸುತ್ತಿದ್ದರು. ಆದ್ದರಿಂದ ಹತ್ತಿದ ಹಡಗೇ ಇಳಿದ ಹಡಗು ಎಂದುಕೊಳ್ಳಬೇಡಿ.

ವಾರ್ ಡೈರಿ: ಅರ್ಧ ಕೆಲಸ ಇಲ್ಲೇ ಮುಗಿಯುತ್ತದೆ

ಪ್ರತಿ ಬೆಟಾಲಿಯನ್, ಬ್ಯಾಟರಿ, ಫೀಲ್ಡ್ ಕಂಪನಿ, ಆಸ್ಪತ್ರೆ ತನ್ನ ದಿನಚರಿ ಬರೆಯಬೇಕಿತ್ತು. ಹಡಗು ಹತ್ತಿದ ದಿನ ಬರೆಯಲು ಬೇರೇನೂ ಇಲ್ಲದ್ದರಿಂದ ಅಡ್ಜುಟಂಟ್ (ತುಕಡಿಯ ಆಡಳಿತ ನೋಡುವ ಅಧಿಕಾರಿ) ಹಡಗಿನ ಹೆಸರು, ರೈಲು ಬಂದ ಹೊತ್ತು, ಎಷ್ಟು ಮಂದಿ ಎಂದೆಲ್ಲ ಬರೆದಿಟ್ಟಿರುತ್ತಾನೆ. ನಮ್ಮ ಲೆಕ್ಕದಲ್ಲಿ ಇದಕ್ಕಿಂತ ಗಟ್ಟಿ ಆಧಾರ ಇನ್ನೊಂದಿಲ್ಲ.

ಮೊದಲ ಯುದ್ಧದ ಡೈರಿಗಳು ಡಬ್ಲ್ಯುಒ 95ರಲ್ಲಿವೆ. ಫ್ರಾನ್ಸ್, ಮೆಸೊಪೊಟೇಮಿಯಾ, ಈಜಿಪ್ಟ್, ಪೂರ್ವ ಆಫ್ರಿಕಾಗಳಿಗೆ ಹೋದ ಭಾರತೀಯ ತುಕಡಿಗಳದ್ದೂ ಅಲ್ಲೇ. ಎರಡನೇ ಯುದ್ಧದ್ದನ್ನು ರಣರಂಗದ ಪ್ರಕಾರ ಹಂಚಿದ್ದಾರೆ: ಬ್ರಿಟನ್ನಿನೊಳಗೆ ಡಬ್ಲ್ಯುಒ 166, ಮಧ್ಯಪ್ರಾಚ್ಯ 169, ಇಟಲಿ 170, ವಾಯವ್ಯ ಯುರೋಪ್ 171, ಭಾರತ ಬರ್ಮಾ ಮಲಯ 172, ಉತ್ತರ ಆಫ್ರಿಕಾ 175. ಎಡವುವುದು ಇಲ್ಲೇ. ತುಕಡಿ ಸಮುದ್ರದಲ್ಲಿದ್ದ ತಿಂಗಳ ಡೈರಿ ಯಾವ ಸರಣಿಗೆ ಸೇರಬೇಕು? ಕೆಲವು ಹೊರಟ ದೇಶದ ಸರಣಿಯಲ್ಲಿವೆ, ಕೆಲವು ತಲುಪಿದ ಕಡೆ. 169ರಲ್ಲಿ ಸಿಗದಿದ್ದರೆ 166ರ ಕೊನೆಯ ತಿಂಗಳುಗಳನ್ನು ತೆರೆಯಲೇಬೇಕು. ವಾಯುಪಡೆಯವರಾದರೆ ಎಐಆರ್ 27, 28, 29 ನೋಡಿ. ಭಾರತದಲ್ಲಿ ದೆಹಲಿಯ ರಕ್ಷಣಾ ಸಚಿವಾಲಯದ ಇತಿಹಾಸ ವಿಭಾಗ ಯುದ್ಧಕಾಲದ ಕಡತಗಳನ್ನು ಇಟ್ಟುಕೊಂಡಿದೆ. ನ್ಯಾಷನಲ್ ಆರ್ಕೈವ್ಸ್ ಆಫ್ ಇಂಡಿಯಾದ ಸೂಚಿಯನ್ನು ಅಭಿಲೇಖ್ ಪಟಲ್ ಜಾಲತಾಣದಲ್ಲಿ ಮನೆಯಿಂದಲೇ ಹುಡುಕಬಹುದು. ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ ಇಂಡಿಯಾ ಆಫೀಸಿನ ಮಿಲಿಟರಿ ಇಲಾಖೆಯ ಕಡತಗಳಿವೆ.

ಡೈರಿ ಓದುವಾಗ ಒಂದು ಪ್ರಶ್ನೆ ಸದಾ ತಲೆಯಲ್ಲಿರಲಿ: ಆ ದಿನ ಇವರು ನಿಜವಾಗಿ ಆ ತುಕಡಿಯಲ್ಲಿದ್ದರೇ? ಎಷ್ಟೋ ಸೈನಿಕರು ಡ್ರಾಫ್ಟಿನಲ್ಲಿ ಪ್ರತ್ಯೇಕವಾಗಿ ಹೋಗಿ, ಅಲ್ಲಿ ತಲುಪಿದ ಮೇಲೆ ತುಕಡಿ ಸೇರಿದವರು. ಅಂಥವರ ಹಡಗನ್ನು ಆ ತುಕಡಿಯ ಡೈರಿಯಲ್ಲಿ ಹುಡುಕಿ ಪ್ರಯೋಜನವಿಲ್ಲ. 'ಟಿ.ಒ.ಎಸ್.' ತಾರೀಖು ಇಳಿದ ತಾರೀಖಿನ ನಂತರ ಇದ್ದರೆ ಅವರು ಡ್ರಾಫ್ಟಿನವರು. ಡೈರಿಯಲ್ಲಿ ಎರಡು ಹಡಗುಗಳ ಹೆಸರು ಇರುವುದೂ ಉಂಟು. ಮುಂಗಡ ತಂಡ ಒಂದರಲ್ಲಿ, ಉಳಿದವರು ಇನ್ನೊಂದರಲ್ಲಿ, ವಾಹನ ಮತ್ತು ಚಾಲಕರು ಮೂರನೆಯ ಸರಕು ಹಡಗಿನಲ್ಲಿ. ಲಾರಿ ಚಾಲಕನ ಮೊಮ್ಮಗ ದೊಡ್ಡ ಲೈನರಿನ (ಪ್ರಯಾಣಿಕ ಹಡಗಿನ) ಫೋಟೊಕ್ಕೆ ಚೌಕಟ್ಟು ಹಾಕಿಸುವ ಮೊದಲು ಇದನ್ನು ಯೋಚಿಸಲಿ.

ಡೈರಿಯಲ್ಲಿ ಹೆಸರಿನ ಬದಲು ಒಂದು ಅಕ್ಷರ ಮತ್ತು ಅಂಕಿ ಮಾತ್ರ ಇರುವುದೂ ಉಂಟು. ಗುಟ್ಟು ಕಾಯಲು ಬಳಸಿದ ಸಂಕೇತ ಅದು. ಅದೇ ವಾರ ಹತ್ತಿದ ಬೇರೆ ನಾಲ್ಕಾರು ತುಕಡಿಗಳ ಡೈರಿ ತೆರೆಯಿರಿ. ಯಾರೋ ಒಬ್ಬ ಗುಮಾಸ್ತ ನಿಯಮ ಮರೆತು ಪೂರ್ತಿ ಹೆಸರು ಬರೆದಿರುತ್ತಾನೆ.

ಕಾನ್ವಾಯ್ ಹುಡುಕುವುದು

ತಾರೀಖು ಮತ್ತು ಮಾರ್ಗ ಗೊತ್ತಾದರೆ ಕಾನ್ವಾಯ್ ಹೆಸರು ಸುಲಭ, ಹೆಸರಿನಲ್ಲೇ ಮಾರ್ಗ ಅಡಗಿದೆ. ಡಬ್ಲ್ಯು.ಎಸ್. ಸರಣಿ ಬ್ರಿಟನ್ನಿನಿಂದ ಆಫ್ರಿಕಾ ಬಳಸಿ ಸೂಯೆಜ್ ಮತ್ತು ಮುಂಬೈ ಕಡೆ, 1940ರ ಜೂನ್‌ನಿಂದ. ಕೆ.ಎಂ.ಎಫ್. ಬ್ರಿಟನ್ನಿನಿಂದ ಮೆಡಿಟರೇನಿಯನ್‌ಗೆ ವೇಗದ ಹಡಗುಗಳು, ಕೆ.ಎಂ.ಎಸ್. ನಿಧಾನದವು, ಎಂ.ಕೆ.ಎಫ್. ವಾಪಸು. ಟಿ.ಸಿ. ಕೆನಡಾದ ಪಡೆಗಳು, ಅದರ ಮೊದಲನೆಯದು 1939ರ ಡಿಸೆಂಬರ್ 10ರಂದು ಹ್ಯಾಲಿಫ್ಯಾಕ್ಸ್ ಬಿಟ್ಟಿತು. ಯು.ಎಸ್. ಎಂಬುದು ಅಮೆರಿಕವಲ್ಲ, ಆಸ್ಟ್ರೇಲಿಯಾ ನ್ಯೂಜಿಲೆಂಡ್ ಪಡೆಗಳ ಸರಣಿ. ಬಿ.ಎಂ. ಮುಂಬೈನಿಂದ ಮಲಯಕ್ಕೆ, ಡಿ.ಎಂ. ಡರ್ಬನ್‌ನಿಂದ ಮಲಯಕ್ಕೆ.

ಆರ್ನಲ್ಡ್ ಹೇಗ್ ಎಂಬುವರು ಜೀವಮಾನವಿಡೀ ಕಲೆಹಾಕಿದ ಕಾನ್ವಾಯ್ ದಾಖಲೆ ಈಗ ಕಾನ್ವಾಯ್‌ವೆಬ್ ತಾಣದಲ್ಲಿ ಉಚಿತ. ಹಡಗಿನ ಹೆಸರು ಕೊಟ್ಟರೆ ಬಂದರಿನಿಂದ ಬಂದರಿಗೆ ಅದರ ಓಡಾಟ, ಕಾನ್ವಾಯ್ ಸಂಖ್ಯೆ ಕೊಟ್ಟರೆ ಅದರಲ್ಲಿದ್ದ ಹಡಗುಗಳು. ನಿಮ್ಮ ಕೈಯಲ್ಲಿ ತಾರೀಖು ಮಾತ್ರ ಇದ್ದರೆ ಹೀಗೆ ಮಾಡಿ: ಆ ತಾರೀಖಿನ ಮುಂದಿನ ಹತ್ತು ದಿನಗಳಲ್ಲಿ ಆ ಬಂದರು ಬಿಟ್ಟ ಕಾನ್ವಾಯ್‌ಗಳನ್ನು ಬರೆದುಕೊಳ್ಳಿ. ಅವುಗಳಲ್ಲಿ ಇಳಿದ ತಾರೀಖಿಗೆ ಹೊಂದದವನ್ನು ಹೊಡೆದುಹಾಕಿ. ಉಳಿದ ಕಾನ್ವಾಯ್‌ನ ಪಟ್ಟಿಯಿಂದ ಸರಕು ಹಡಗು, ತೈಲ ಹಡಗು, ಯುದ್ಧನೌಕೆ ತೆಗೆಯಿರಿ. ಉಳಿಯುವುದು ಹತ್ತು ಹದಿನೈದು ಹಡಗು. ಅವುಗಳಲ್ಲಿ ನಿಮ್ಮ ಬಂಧು ಇಳಿದ ಬಂದರಿಗೆ ಹೋದವು ಮೂರೋ ನಾಲ್ಕೋ.

ಹತ್ತಿದ ತಾರೀಖಿಗೂ ಕಾನ್ವಾಯ್ ಹೊರಟ ತಾರೀಖಿಗೂ ವ್ಯತ್ಯಾಸ ಇದ್ದೇ ಇರುತ್ತದೆ. ಸ್ಕಾಟ್ಲೆಂಡಿನ ಗ್ರೀನಕ್ ಅಥವಾ ಗೂರಕ್‌ನಲ್ಲಿ ಹತ್ತಿಸಿ ಕ್ಲೈಡ್ ಕೊಲ್ಲಿಯಲ್ಲಿ ಎರಡು ಮೂರು ದಿನ, ಕೆಲವೊಮ್ಮೆ ವಾರ, ಲಂಗರು ಹಾಕಿ ನಿಲ್ಲಿಸುತ್ತಿದ್ದರು. ಲಿವರ್‌ಪೂಲ್, ಕ್ಲೈಡ್, ಬ್ರಿಸ್ಟಲ್ ಚಾನೆಲ್‌ಗಳಿಂದ ಹೊರಟ ಗುಂಪುಗಳು ಸಮುದ್ರದಲ್ಲಿ ಕೂಡುತ್ತಿದ್ದವು. ಹಾಗಾಗಿ ಒಂದೇ ಕಾನ್ವಾಯ್‌ಗೆ ಎರಡು ಮೂರು ಹೊರಟ ತಾರೀಖುಗಳಿರುತ್ತವೆ.

ಅಂತರ್ಜಾಲದ ಪಟ್ಟಿಯಲ್ಲಿ ಅನುಮಾನ ಉಳಿದರೆ ಮೂಲಕ್ಕೆ ಹೋಗಿ. ಎಡಿಎಂ 199 ಮತ್ತು ಎಡಿಎಂ 237ರಲ್ಲಿ ಕಾನ್ವಾಯ್ ಕಡತಗಳಿವೆ. ಕಮೋಡೋರ್ (ಕಾನ್ವಾಯ್‌ನ ಹಡಗುಗಳ ಮುಖ್ಯಸ್ಥ) ವರದಿ ಸಿಕ್ಕರೆ ಯಾವ ಹಡಗು ಯಾವ ಸಾಲಿನಲ್ಲಿತ್ತು, ಯಾವುದು ಹೊಗೆ ಹೆಚ್ಚು ಬಿಟ್ಟು ಬೈಸಿಕೊಂಡಿತು ಎಂಬುದೂ ತಿಳಿಯುತ್ತದೆ. ಸಾರಿಗೆ ಇಲಾಖೆಯ ಕಡತಗಳು ಎಂಟಿ 40ರಲ್ಲಿ, ಮೊದಲ ಯುದ್ಧಕ್ಕೆ ಎಂಟಿ 23ರಲ್ಲಿ. ಹಡಗಿನ ಓಡಾಟದ ಕಾರ್ಡುಗಳು (ಬಿಟಿ 389) ಡೌನ್‌ಲೋಡ್‌ಗೆ ಸಿಗುತ್ತವೆ, ಒಂದೊಂದು ಹಡಗಿಗೆ ಒಂದೊಂದು ಕಾರ್ಡಿನ ಸರಣಿ, ಬಂದರು ಮತ್ತು ತಾರೀಖಿನೊಂದಿಗೆ. ಹಡಗು ಖಚಿತವಾದ ಮೇಲೆ ಪರಿಶೀಲನೆಗೆ ಇವು ಅತ್ಯುತ್ತಮ, ಹುಡುಕಾಟದ ಆರಂಭಕ್ಕೆ ಅಲ್ಲ.

ಎಲ್ಲವೂ ಕಾನ್ವಾಯ್‌ನಲ್ಲೇ ಹೋದವಲ್ಲ. ಕ್ವೀನ್ ಮೇರಿ, ಕ್ವೀನ್ ಎಲಿಜಬೆತ್‌ನಂಥ ವೇಗದ ಲೈನರುಗಳು ಒಂಟಿಯಾಗಿ ಓಡುತ್ತಿದ್ದವು. 28 ನಾಟ್ ವೇಗದ ಹಡಗನ್ನು ಜಲಾಂತರ್ಗಾಮಿ ಬೆನ್ನಟ್ಟಿ ಹಿಡಿಯಲಾರದು. 1943ರ ಜುಲೈನಲ್ಲಿ ಕ್ವೀನ್ ಮೇರಿ ಒಂದೇ ಪಯಣದಲ್ಲಿ 16,683 ಮಂದಿಯನ್ನು ಹೊತ್ತೊಯ್ದಿತು. ನ್ಯೂಯಾರ್ಕಿನಿಂದ ಕ್ಲೈಡ್‌ಗೆ ಐದಾರು ದಿನದಲ್ಲಿ ತಲುಪಿದ ದಾಖಲೆ ಇದ್ದರೆ ಕಾನ್ವಾಯ್ ಪಟ್ಟಿ ಬಿಟ್ಟು ಇಂಥ ನಾಲ್ಕಾರು ಹಡಗುಗಳನ್ನೇ ನೋಡಿ.

ಮನೆಯ ನೆನಪು ಮತ್ತು ಕಾಗದ

ಅಜ್ಜ ಹೇಳುತ್ತಿದ್ದ ಮಾತುಗಳಲ್ಲಿ ಹಡಗಿನ ಹೆಸರಿಗಿಂತ ದಾರಿಯ ವಿವರ ಹೆಚ್ಚು ನಂಬಿಕಸ್ಥ. ಹೆಸರು ಮೂವತ್ತು ವರ್ಷಗಳಲ್ಲಿ ಕಲಸಿಹೋಗುತ್ತದೆ, ಕಂಡದ್ದು ಹಾಗೆಯೇ ಉಳಿಯುತ್ತದೆ. ಬಂದರಿನಲ್ಲಿ ಬಿಳಿ ಉಡುಪು, ಕೆಂಪು ಟೋಪಿಯ ಹೆಂಗಸೊಬ್ಬಳು ಮೆಗಾಫೋನ್ ಹಿಡಿದು ಹಾಡುತ್ತಿದ್ದಳು ಎಂದು ಯಾರಾದರೂ ಹೇಳಿದ್ದರೆ ಅದು ಡರ್ಬನ್, ಬೇರೆ ಊರಲ್ಲ. ಪರ್ಲಾ ಸೀಡ್ಲ್ ಗಿಬ್ಸನ್ ಎಂಬ ಗಾಯಕಿ 1940ರಿಂದ ಅಲ್ಲಿಗೆ ಬಂದ ಪಡೆಗಳ ಹಡಗುಗಳನ್ನು ಹಾಗೆ ಸ್ವಾಗತಿಸುತ್ತಿದ್ದರು. ಡಬ್ಲ್ಯು.ಎಸ್. ಕಾನ್ವಾಯ್‌ಗಳಲ್ಲಿ ಕೆಲವು ಹಡಗು ಕೇಪ್‌ಟೌನಿಗೂ ಕೆಲವು ಡರ್ಬನ್‌ಗೂ ಹೋಗುತ್ತಿದ್ದುದರಿಂದ ಈ ಒಂದು ನೆನಪು ಪಟ್ಟಿಯ ಅರ್ಧ ಹಡಗುಗಳನ್ನು ಹೊರಗಿಡುತ್ತದೆ. ಸೆಕೆಯಲ್ಲಿ ಹಡಗಿನಿಂದ ಇಳಿಯಲು ಬಿಡದೆ ದಿನಗಟ್ಟಲೆ ಕೊಳೆಸಿದರು, ದೋಣಿಯಲ್ಲಿ ಬಂದು ಬಾಳೆಹಣ್ಣು ಮಾರಿದರು ಎಂದರೆ ಬಹುಮಟ್ಟಿಗೆ ಪಶ್ಚಿಮ ಆಫ್ರಿಕಾದ ಫ್ರೀಟೌನ್. ಭೂಮಧ್ಯರೇಖೆ ದಾಟಿದ ಸರ್ಟಿಫಿಕೇಟ್ ಇದ್ದರೆ ಅದರಲ್ಲಿ ಹಡಗಿನ ಹೆಸರು ಇಲ್ಲದಿದ್ದರೂ ತಾರೀಖು ಇರಬಹುದು. ಕಾಗದದ ಮೇಲಿನ ವಿಳಾಸಕ್ಕಿಂತ ಲಕೋಟೆಯ ಅಂಚೆಮುದ್ರೆ ಮುಖ್ಯ. ಸಮುದ್ರದಲ್ಲಿ ಬರೆದದ್ದು ಮುಂದಿನ ಬಂದರಿನಲ್ಲಿ ಅಂಚೆಗೆ ಬಿದ್ದಿರುತ್ತದೆ.

ಯುದ್ಧಕಾಲದ ಪತ್ರಿಕೆಗಳಲ್ಲಿ ಹುಡುಕಿ ಹೊತ್ತು ಕಳೆಯಬೇಡಿ, ಸೆನ್ಸಾರ್ ಹಡಗಿನ ಹೆಸರು ಬಿಡುತ್ತಿರಲಿಲ್ಲ. 1945ರ ಕೊನೆಯಿಂದ ವಾಪಸಾದ ಹಡಗುಗಳಿಗೆ ಪರಿಸ್ಥಿತಿ ಪೂರ್ತಿ ಬೇರೆ. ಯಾವ ಹಡಗು, ಯಾವ ದಿನ, ಎಷ್ಟು ಮಂದಿ ಎಂದು ಪತ್ರಿಕೆಗಳೇ ಬರೆದವು. ಹಳೆಯ ಪತ್ರಿಕೆಗಳ ತಾಣಗಳಾದ ಆಸ್ಟ್ರೇಲಿಯಾದ ಟ್ರೋವ್, ನ್ಯೂಜಿಲೆಂಡಿನ ಪೇಪರ್ಸ್ ಪಾಸ್ಟ್ ಎರಡೂ ಉಚಿತ.

ದಾರಿ ತಪ್ಪಿಸುವ ಹಡಗುಗಳು

ಕಾಗದದಲ್ಲಿ ಎಲ್ಲವೂ ಹೊಂದಿದರೂ ಪಯಣ ಹಾಗೆ ನಡೆದಿರದೇ ಇರಬಹುದು. ಡಬ್ಲ್ಯು.ಎಸ್. 15 ಕಾನ್ವಾಯ್ ನೋಡಿ. 1942ರ ಜನವರಿ ಎರಡನೇ ವಾರ ಬ್ರಿಟನ್ ಬಿಟ್ಟಿತು. ಅದರಲ್ಲಿದ್ದ ಲಾಂಗಿಬಿ ಕಾಸಲ್ ಹಡಗಿಗೆ ಜನವರಿ 16ರಂದು ಟಾರ್ಪಿಡೊ ಬಡಿದು ಹಿಂಭಾಗ, ಚುಕ್ಕಾಣಿ ಎರಡೂ ಹಾರಿಹೋದವು. ಎಂಜಿನ್ ಮಾತ್ರ ನಡೆಯುತ್ತಿತ್ತು. ಚುಕ್ಕಾಣಿಯಿಲ್ಲದೆ ಪ್ರೊಪೆಲರುಗಳ ವೇಗ ಏರಿಳಿಸಿ ಅದನ್ನು ಅಜೋರ್ಸ್ ದ್ವೀಪದ ಹೋರ್ಟಾಗೆ, ಅಲ್ಲಿಂದ ಜಿಬ್ರಾಲ್ಟರಿಗೆ ತಂದರು. ಕಾನ್ವಾಯ್ ಪಟ್ಟಿ ಮಾತ್ರ ನೋಡಿದವರು ಅದರಲ್ಲಿದ್ದ ಸೈನಿಕ ಫ್ರೀಟೌನ್, ಡರ್ಬನ್ ನೋಡಿದನೆಂದು ಬರೆದುಬಿಡುತ್ತಾರೆ. ಇನ್ನೊಂದು, ಯು.ಎಸ್. 3. ಕ್ವೀನ್ ಮೇರಿ, ಅಕ್ವಿಟೇನಿಯಾ, ಮಾರಿಟೇನಿಯಾಗಳಿದ್ದ ಈ ಕಾನ್ವಾಯ್ 1940ರ ಮೇನಲ್ಲಿ ಮಧ್ಯಪ್ರಾಚ್ಯಕ್ಕೆಂದು ಹೊರಟು, ಫ್ರಾನ್ಸ್ ಕುಸಿಯುತ್ತಿದ್ದ ಹೊತ್ತಿಗೆ ದಾರಿ ಬದಲಿಸಿ ಜೂನ್ 16ರಂದು ಸ್ಕಾಟ್ಲೆಂಡ್ ತಲುಪಿತು. ಹೊರಡುವಾಗಿನ ಆದೇಶಕ್ಕೂ ಇಳಿದ ನೆಲಕ್ಕೂ ಸಂಬಂಧವೇ ಇಲ್ಲ. ಆದ್ದರಿಂದ ಇಳಿದ ಸ್ಥಳಕ್ಕೆ ಬೇರೆಯೇ ಆಧಾರ ಬೇಕು.

ಹೆಸರುಗಳ ಗೊಂದಲವೂ ಕಡಿಮೆಯಲ್ಲ. ಮಾರಿಟೇನಿಯಾ ಎಂಬ ಎರಡು ಹಡಗುಗಳಿದ್ದವು. ಮೊದಲ ಯುದ್ಧದಲ್ಲಿ ಓಡಿದ್ದು 1907ರದ್ದು, ಎರಡನೆಯದರಲ್ಲಿ 1939ರದ್ದು. ಎಂಪ್ರೆಸ್ ಆಫ್ ಜಪಾನ್ 1942ರ ಅಕ್ಟೋಬರಿನಲ್ಲಿ ಎಂಪ್ರೆಸ್ ಆಫ್ ಸ್ಕಾಟ್ಲೆಂಡ್ ಆಯಿತು, ಕಾರಣ ಹೇಳಬೇಕಿಲ್ಲ. ಡಚೆಸ್ ಎಂದು ಶುರುವಾಗುವವು ನಾಲ್ಕು, ಸ್ಟ್ರಾತ್ ಎಂದು ಶುರುವಾಗುವವು ಐದು. ಬಿ.ಐ. (ಬ್ರಿಟಿಷ್ ಇಂಡಿಯಾ ಸ್ಟೀಮ್ ನ್ಯಾವಿಗೇಷನ್) ಕಂಪನಿಯ ಎಕ್ಮಾ ಮತ್ತು ಎಗ್ರಾ ಕೈಬರಹದಲ್ಲಿ ಅವಳಿಜವಳಿ. ಡಚ್ ಹೆಸರುಗಳನ್ನಂತೂ ಯಾವ ಗುಮಾಸ್ತನೂ ಸರಿಯಾಗಿ ಬರೆದಿಲ್ಲ, ಯೋಹಾನ್ ವಾನ್ ಓಲ್ಡನ್‌ಬಾರ್ನೆವೆಲ್ಟ್ ಅಂಥದೊಂದು. ಅನುಮಾನವಿದ್ದಾಗ ಆ ವರ್ಷದ ಲಾಯ್ಡ್ಸ್ ರಿಜಿಸ್ಟರ್ (ಹಡಗುಗಳ ವಾರ್ಷಿಕ ಪಟ್ಟಿ) ತೆರೆದು ಒಡೆಯ, ಟನ್ನೇಜ್, ಕಟ್ಟಿದ ವರ್ಷ ನೋಡಿ. 1930ರಿಂದ 1945ರವರೆಗಿನ ಸಂಪುಟಗಳು ಅಂತರ್ಜಾಲದಲ್ಲಿವೆ. ಬ್ರಿಟಿಷ್ ಹಡಗುಗಳಿಗೆ ಅಧಿಕೃತ ಸಂಖ್ಯೆ ಎಂಬುದಿರುತ್ತದೆ. ಹೆಸರು ಬದಲಾದರೂ ಅದು ಬದಲಾಗದು. ನಿಮ್ಮ ಬಂಧು ಸೈನಿಕನಲ್ಲ, ಅದೇ ಹಡಗಿನಲ್ಲಿ ಕೆಲಸ ಮಾಡಿದ ನಾವಿಕ ಎಂದಾದರೆ ಈ ಸಂಖ್ಯೆಯೇ ಕೀಲಿ. ಎರಡನೇ ಯುದ್ಧದ ಸಿಬ್ಬಂದಿ ಪಟ್ಟಿಗಳನ್ನು (ಬಿಟಿ 381) ಅದರ ಪ್ರಕಾರವೇ ಜೋಡಿಸಿದ್ದಾರೆ.

ಗಾಯಗೊಂಡು ಮರಳಿದವರನ್ನು ಟ್ರೂಪ್‌ಶಿಪ್‌ಗಳಲ್ಲಿ ಹುಡುಕಬೇಡಿ, ಅವರು ಬಂದದ್ದು ಹೆಚ್ಚಾಗಿ ಆಸ್ಪತ್ರೆ ಹಡಗಿನಲ್ಲಿ. ಎರಡನೇ ಯುದ್ಧದ ವೈದ್ಯಕೀಯ ಡೈರಿಗಳು ಡಬ್ಲ್ಯುಒ 177ರಲ್ಲಿವೆ.

ಹಡಗು ಮುಳುಗಿದ್ದರೆ

ಸಾವಿನ ಸ್ಥಳ 'ಸಮುದ್ರದಲ್ಲಿ' ಎಂದಿದ್ದರೆ ಕೆಲಸ ತಲೆಕೆಳಗು. ಸತ್ತ ತಾರೀಖಿನಿಂದ ಹಡಗು, ಹಡಗಿನಿಂದ ಹಿಂದಕ್ಕೆ ಪಯಣ. ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ ತಾಣದಲ್ಲಿ ಸ್ಮಾರಕದ ಹೆಸರು ನೋಡಿ. ಅಲೆಗ್ಸಾಂಡ್ರಿಯಾದ ಚಾಟ್ಬಿ ಸ್ಮಾರಕ ಮೊದಲ ಯುದ್ಧದಲ್ಲಿ ಮೆಡಿಟರೇನಿಯನ್‌ನಲ್ಲಿ ಮುಳುಗಿದ ಸಾಗಣೆ ಹಡಗುಗಳವರದ್ದು. ಸೌತಾಂಪ್ಟನ್ನಿನ ಹಾಲಿಬ್ರೂಕ್ ಸ್ಮಾರಕದಲ್ಲಿ 1917ರ ಫೆಬ್ರುವರಿ 21ರಂದು ಮುಳುಗಿದ ಮೆಂಡಿ ಹಡಗಿನ ದಕ್ಷಿಣ ಆಫ್ರಿಕನ್ ಕಾರ್ಮಿಕರ ಹೆಸರುಗಳಿವೆ. ಹಿಂದೂ ಮಹಾಸಾಗರದಲ್ಲಿ 1944ರ ಫೆಬ್ರುವರಿ 12 ಎಂಬ ತಾರೀಖು ಕಂಡರೆ ಮೊದಲು ನೋಡಬೇಕಾದ್ದು ಖೆಡಿವ್ ಇಸ್ಮಾಯಿಲ್. ಮೊಂಬಾಸಾದಿಂದ ಕೊಲಂಬೊಗೆ ಬರುತ್ತಿದ್ದಾಗ ಜಪಾನಿ ಜಲಾಂತರ್ಗಾಮಿ ಅದನ್ನು ಒಡೆಯಿತು, 1,297 ಮಂದಿ ಸತ್ತರು. ಆಲ್ಜೀರಿಯಾ ತೀರದಾಚೆ 1943ರ ನವೆಂಬರ್ 26 ಎಂದರೆ ರೋಹ್ನಾ, ಕೆ.ಎಂ.ಎಫ್. 26ರಲ್ಲಿದ್ದ ಬಿ.ಐ. ಕಂಪನಿಯ ಹಡಗು. ಭಾರತಕ್ಕೆ ಬರುತ್ತಿದ್ದ ಅಮೆರಿಕನ್ ಸೈನಿಕರು ಅದರಲ್ಲಿದ್ದರು. ಹಾರುವ ನಿಯಂತ್ರಿತ ಬಾಂಬ್ ಬಡಿದು 1,000ಕ್ಕೂ ಹೆಚ್ಚು ಮಂದಿ ಹೋದರು. ಈ ಸುದ್ದಿಯನ್ನು ಬಹುಕಾಲ ಮುಚ್ಚಿಟ್ಟಿದ್ದರಿಂದ ಎಷ್ಟೋ ಮನೆಗಳಿಗೆ ಸ್ಥಳ, ಕಾರಣ ತಿಳಿಯದೆಯೇ ಉಳಿಯಿತು. ಕಾಣೆಯಾದವರ ವಿಚಾರಣಾ ಕಡತಗಳು ಡಬ್ಲ್ಯುಒ 361ರಲ್ಲಿ ಹಡಗಿನ ಹೆಸರಿನಲ್ಲೇ ಸಿಗುತ್ತವೆ. ಬದುಕಿ ಬಂದವರ ಹೇಳಿಕೆಗಳೂ ಅವುಗಳಲ್ಲಿ ಇರುವುದುಂಟು.

ಬರೆದಿಡುವುದು

ಪ್ರತಿ ಸಂಗತಿಯ ಎದುರು ಆಧಾರ ಬರೆಯಿರಿ, ಪಕ್ಕದಲ್ಲಿ 'ಖಚಿತ', 'ಬಹುಶಃ', 'ಊಹೆ' ಎಂಬ ಮೂರರಲ್ಲಿ ಒಂದನ್ನು. ಸೇವಾ ದಾಖಲೆಯ ತಾರೀಖು, ಡೈರಿಯ ಹಡಗು, ಓಡಾಟದ ಕಾರ್ಡಿನ ಬಂದರು, ಈ ಮೂರೂ ಒಂದೇ ಮಾತು ಹೇಳಿದರೆ ಖಚಿತ. ಕಾನ್ವಾಯ್ ಖಚಿತವಾಗಿ, ಹಡಗು ಮೂರರಲ್ಲಿ ಒಂದು ಎಂಬಲ್ಲಿಗೆ ಬಂದು ನಿಂತರೆ ಮೂರೂ ಹೆಸರನ್ನು ಬರೆದಿಡಿ. ಕಥೆಗೆ ಚೆನ್ನಾಗಿ ಹೊಂದುತ್ತದೆಂದು ಒಂದನ್ನು ಆರಿಸಿಕೊಂಡರೆ ಮುಂದಿನ ತಲೆಮಾರು ಅದನ್ನೇ ಸತ್ಯವೆಂದು ನಕಲು ಮಾಡುತ್ತದೆ.

ಕೊನೆಗೆ ಫೋಟೊ. ಇಂಪೀರಿಯಲ್ ವಾರ್ ಮ್ಯೂಸಿಯಂ, ಆಸ್ಟ್ರೇಲಿಯನ್ ವಾರ್ ಮೆಮೋರಿಯಲ್, ಗ್ರಿನಿಚ್‌ನ ನ್ಯಾಷನಲ್ ಮ್ಯಾರಿಟೈಮ್ ಮ್ಯೂಸಿಯಂಗಳಲ್ಲಿ ಹೇರಳವಾಗಿವೆ. ಹೊಳೆಯುವ ಬಣ್ಣದ ಚಿಮಣಿ, ಬಿಳಿ ಡೆಕ್ ಇರುವ ಚಿತ್ರ ಶಾಂತಿಕಾಲದ್ದು. ನಿಮಗೆ ಬೇಕಾದ್ದು ಬೂದುಬಣ್ಣ ಬಳಿದ, ಡೆಕ್ ತುಂಬ ಜೀವರಕ್ಷಕ ತೆಪ್ಪಗಳನ್ನು ಕಟ್ಟಿದ ಹಡಗಿನ ಚಿತ್ರ. ಇಟ್ಟುಕೊಳ್ಳುವ ಮೊದಲು ಚಿಮಣಿ ಎಣಿಸಿ: ಕ್ವೀನ್ ಮೇರಿಗೆ ಮೂರು, ಕ್ವೀನ್ ಎಲಿಜಬೆತ್‌ಗೆ ಎರಡು.